ಎಡಗೈಯ ಕೆಲಸ

ತಿಬಿಲಿಸಿಯ ಹಳೇ ಪೇಟೆ, ಗುಮ್ಮಟಗಳ ಕೆಳಗೆ,
ಗಂಧಕದ ಬಿಸಿನೀರು ಕೊಳೆತ ಮೊಟ್ಟೆಯ ವಾಸನೆಯಲ್ಲೇ
ನೆಲದಿಂದ ಏಳುವ ಕಡೆ,
ಇಪ್ಪತ್ತೇಳು ವರ್ಷದಿಂದ ಮೈ ಉಜ್ಜುತ್ತಿದ್ದೇನೆ.
ಹೆಸರು ತ್ಸಿಯಾಲಾ.
ಬಲಗೈಗೆ ಒರಟು ಕೀಸಾ ಚೀಲ,
ಎಡಗೈ ಬರಿದು.
ಜನ ನೋಡುವುದು ಬಲಗೈಯನ್ನು.
ಕೆಲಸವೆಲ್ಲ ಎಡಗೈಯದು ಅಂತ
ಹೊಸ ಹುಡುಗಿಯರಿಗೆ ಹೇಳಿ ಹೇಳಿ ಸಾಕಾಗಿದೆ.

ಮಂಗಳವಾರ ಮಧ್ಯಾಹ್ನ, ಗಿರಾಕಿ ಇಲ್ಲದ ಹೊತ್ತು,
ಒಬ್ಬಳು ಅಡ್ಡವಾಗಿ ಒಳಗೆ ಬಂದಳು.
ಬಾಗಿಲು ಅಗಲವಿತ್ತು, ಅವಳು ತೆಳ್ಳಗಿದ್ದಳು,
ಆದರೂ ಅಡ್ಡವಾಗಿ,
ಉಸಿರು ಬಿಗಿಹಿಡಿದು.
ಟವೆಲು ಬಿಚ್ಚಲಿಲ್ಲ.
"ಮೊದಲೇ ಹೇಳಿಬಿಡ್ತೇನೆ," ಅಂದಳು,
"ನನ್ನ ಮೈ ನನ್ನ ಅಳತೆಯದಲ್ಲ."
ಬಿಚ್ಚು ತಾಯಿ, ಅಂದೆ. ಇಲ್ಲಿ ಯಾರ ಮೈ ಯಾರ ಅಳತೆಯದು?

ಕಲ್ಲಿನ ಮಂಚದ ಮೇಲೆ ಮಲಗಿದಳು.
ಹೊಟ್ಟೆ ಮಲಗಲು ಇನ್ನೂ ಸ್ವಲ್ಪ ಹೊತ್ತು ಹಿಡಿಯಿತು:
ಎಡಕ್ಕೊಂದಿಷ್ಟು, ಬಲಕ್ಕೊಂದಿಷ್ಟು
ಹರಿದು, ಮಡಿಕೆ ಬಿದ್ದು, ನಿಂತಿತು.
ತೋಳ ಕೆಳಗೆ ತೂಗುವ ತೆಳು ತೊಗಲು,
ತೊಡೆಯ ಒಳಬದಿಗೆ ಜಾರಿದ ಕಾಲುಚೀಲದಂಥ ಸುರುಳಿ.
ಸೊಂಟದಿಂದ ಹೊಕ್ಕುಳಿನವರೆಗೆ ಬಿಳಿಯ ಗೆರೆಗಳು
ನೀರು ಬಿದ್ದೊಡನೆ ಮಿನುಗಿದವು
ಮೀನು ಹೆರೆದ ಹಲಗೆಯ ಹಾಗೆ.

ಹಿಗ್ಗಿದ್ದು ಹೋಗಿದೆ; ಗೆರೆ ಹೋಗಿಲ್ಲ.
ಚರ್ಮಕ್ಕೆ ಹಿಗ್ಗಲು ಗೊತ್ತು.
ಕುಗ್ಗಲು ಯಾರೂ ಕಲಿಸಿಲ್ಲ.

ಸಡಿಲ ಚರ್ಮ ಉಜ್ಜುವುದು ಸುಲಭವಲ್ಲ.
ಕೀಸಾ ಹೋದಲ್ಲೆಲ್ಲ ಅದೂ ಹಿಂದೆಯೇ ಹೊರಡುತ್ತದೆ
ಅಮ್ಮನ ಲಂಗ ಹಿಡಿದ ಮಗುವಿನಂತೆ.
ಎಡಗೈಯಿಂದ ಎಳೆದು, ಹರಡಿ, ಒತ್ತಿ ಹಿಡಿಯಬೇಕು,
ಅಂಗಿತೋಳಿಗೆ ಇಸ್ತ್ರಿ ಹಾಕುವವರ ಹಾಗೆ;
ಅಂಗೈಯಗಲ ಉಜ್ಜಿ, ಬಿಟ್ಟು, ಮುಂದಿನ ಅಂಗೈ.
"ಚರ್ಮ ಜಾಸ್ತಿ ಇದೆ, ದುಡ್ಡೂ ಜಾಸ್ತಿ ಕೊಡಲಾ?"
ಕಣ್ಣು ಮುಚ್ಚಿಕೊಂಡೇ ಕೇಳಿದಳು.
ಇಬ್ಬರೂ ನಕ್ಕೆವು.
ಅವಳ ಹೊಟ್ಟೆ ಸ್ವಲ್ಪ ತಡವಾಗಿ ನಕ್ಕಿತು.

ಆಮೇಲೆ ತಾನಾಗಿ ಹೇಳಿದಳು. ಲಮಾರಾ ಅಂತೆ,
ರುಸ್ತಾವಿಯ ಬೇಕರಿಯೊಂದರಲ್ಲಿ ಲೆಕ್ಕ ಬರೆಯುತ್ತಾಳಂತೆ.
ಅಣ್ಣ ತೆಂಗಿಜ್‌ನ ಮೂತ್ರಪಿಂಡ ಎರಡೂ ಕೈಕೊಟ್ಟವು.
ಇವಳದು ಹೊಂದುತ್ತಿತ್ತು. ಡಾಕ್ಟರು ಇವಳನ್ನು ನೋಡಿ
"ಮೊದಲು ಇಳಿಸಿಕೊಂಡು ಬಾ" ಅಂದರು.
ಹದಿನಾಲ್ಕು ತಿಂಗಳು.
ಅವನು ವಾರಕ್ಕೆ ಮೂರು ಸಲ ಯಂತ್ರಕ್ಕೆ ತೋಳು ಕೊಟ್ಟು ಕೂತ;
ಇವಳು ಬಿಸಿ ರೊಟ್ಟಿಗಳ ಘಮದ ನಡುವೆ
ಬೀಟ್ರೂಟಿನ ಡಬ್ಬಿ ತೆರೆದು ಕೂತಳು.
ಶನಿವಾರ ಶನಿವಾರ ಫೋನಿನಲ್ಲಿ ಅಂಕಿ ಮಾತ್ರ.
ಕ್ಷೇಮವೇ ಅಂತಿಲ್ಲ, ಊಟವಾಯ್ತೇ ಅಂತ ಮೊದಲೇ ಇಲ್ಲ:
ತೊಂಬತ್ತೆಂಟು.
ತೊಂಬತ್ತೇಳು.
ತೊಂಬತ್ತೇಳೇ, ಅಣ್ಣ.

ಇಳಿಸಿದ್ದು ನಲವತ್ತೊಂದು ಕಿಲೋ.
ಕೊಟ್ಟದ್ದು ಒಂದು ಮುಷ್ಟಿ.

"ಬಂದವರೆಲ್ಲ ಗಾಯ ತೋರಿಸು ಅಂತಾರೆ. ತೋರಿಸ್ತೇನೆ.
ನಾಲ್ಕು ಬೆರಳು ಉದ್ದ. ಇಷ್ಟೇನಾ ಅಂತಾರೆ.
ಇದನ್ನ ಯಾರೂ ಕೇಳೋದಿಲ್ಲ."
ಹೊಟ್ಟೆಯ ಮಡಿಕೆಯನ್ನು ಎರಡು ಬೆರಳಲ್ಲಿ ಎತ್ತಿ
ಕೈಬಿಟ್ಟಳು.

ಅಣ್ಣ ಚೆನ್ನಾಗಿದ್ದಾನೆ. ಕಾಖೇತಿಯಲ್ಲಿ ದ್ರಾಕ್ಷಿ ಕಟಾವಿಗೆ ಹೋಗಿದ್ದಾನೆ.
ಹೋಗುವ ಮುಂಚಿನ ಊಟದಲ್ಲಿ, ಎಲ್ಲರೂ ವೈನು ಎತ್ತಿದಾಗ
ಬರೀ ನೀರಿನ ಲೋಟ ಹಿಡಿದು ಎದ್ದು ನಿಂತು
"ನನ್ನ ಚರ್ಮ ಸುಲಿದು ನಿನಗೆ ಚಪ್ಪಲಿ ಹೊಲಿಸಿದರೂ
ಋಣ ತೀರೋದಿಲ್ಲ" ಅಂತ ಅತ್ತನಂತೆ.
"ಬೇಡ ಬಿಡು," ಅಂದಳಂತೆ ಇವಳು,
"ಚಪ್ಪಲಿಗೆ ಬೇಕಾದಷ್ಟು ನನ್ನ ಹತ್ತಿರವೇ ಇದೆ."
ಮೇಜಿನ ಸುತ್ತ ಯಾರಿಗೂ
ನಗಬೇಕೋ ಬೇಡವೋ ತಿಳಿಯಲಿಲ್ಲವಂತೆ.

ನಾನೇನು ಹೇಳಲಿ.
ಗಾಯದ ಹತ್ತಿರ ಮೆಲ್ಲಗೆ ಹೋದೆ,
ಉಳಿದ ಕಡೆ ಒಂದಿಷ್ಟೂ ದಯೆ ತೋರಲಿಲ್ಲ.
ಬೂದುಬಣ್ಣದ ಕೊಳೆ ಎಳೆ ಎಳೆಯಾಗಿ ಸುತ್ತಿಕೊಂಡು ಬಂತು.
ತೋರಿಸಿದೆ. ಎಲ್ಲ ಗಿರಾಕಿಗಳಂತೆ
ಅವಳಿಗೂ ನಾಚಿಕೆಯಾಯಿತು, ಖುಷಿಯೂ ಆಯಿತು.
ಸೋಪಿನ ಬಟ್ಟೆಗೆ ಗಾಳಿ ತುಂಬಿ ಹಿಂಡಿ
ಕೊರಳಿನಿಂದ ಕಾಲಿನವರೆಗೆ ನೊರೆ ಸುರಿದೆ.
ನೊರೆಯೊಳಗೆ ಅವಳು ಸ್ವಲ್ಪ ಹೊತ್ತು
ಮತ್ತೆ ದಪ್ಪಗಾದಳು.
ತಲೆಯೆತ್ತಿ ತನ್ನನ್ನೇ ನೋಡಿಕೊಂಡಳು,
ಹಳೇ ಬೀದಿಯಲ್ಲಿ ಹಳೇ ನೆರೆಯವಳು ಕಂಡಂತೆ.
ನಾನು ನೀರು ಹುಯ್ಯಲು ಅವಸರ ಮಾಡಲಿಲ್ಲ.

ಹೋಗುವಾಗಲೂ ಅಡ್ಡವಾಗಿಯೇ ಹೋದಳು.

ಮುಂದಿನ ಗಿರಾಕಿ ಇಪ್ಪತ್ತರ ಹುಡುಗಿ,
ಡೋಲಿನಂಥ ಬಿಗಿ ಮೈ.
ಹತ್ತು ನಿಮಿಷದಲ್ಲಿ ಮುಗಿಯಿತು.
ಎಡಗೈಗೆ ಏನೂ ಕೆಲಸವಿರಲಿಲ್ಲ,
ಆದರೂ ಅದರ ಬೆರಳು ಸಂಜೆಯವರೆಗೆ ಮಡಚಿಯೇ ಇದ್ದವು
ಯಾರದ್ದೋ ಏನನ್ನೋ
ಇನ್ನೂ ಹಿಡಿದುಕೊಂಡ ಹಾಗೆ.